ಲ್ಯಾಟಿನ್ ಉಪ್ಪು

ಆ ಭಾನುವಾರ ಬೆಳಿಗ್ಗೆ ನನ್ನ ತಮ್ಮ ಹರೀಶ ನಮ್ಮ ಅಂಗಳಕ್ಕೆ ಸೆಂಟು ಹೊಡೆಯುತ್ತಿದ್ದ. ಕಾರಿನೊಳಗೆ ಹೊಡೆಯುವ, ನಿಂಬೆಹಣ್ಣಿನ ವಾಸನೆಯ ಸ್ಪ್ರೇ ಅದು. ಬೇಲಿಗೆ ಹೊಡೆದ, ತೆಂಗಿನ ಬುಡಕ್ಕೆ ಹೊಡೆದ, ಬಾವಿಕಟ್ಟೆಗೆ ಹೊಡೆದ, ಕೊನೆಗೆ ಬರೀ ಗಾಳಿಗೂ ಹೊಡೆದ. ಹೊನ್ನಾವರದ ಪಕ್ಕದ ನಮ್ಮ ಕಾಸರಕೋಡಿನ ಮೀನು ಒಣಗಿಸುವ ಅಂಗಳದ ವಾಸನೆ ಡಬ್ಬಿ ಸೆಂಟಿಗೆ ಹೆದರಿ ಓಡುವಂಥದ್ದಲ್ಲ. ಎರಡೂ ಸೇರಿ ಮೂರನೆಯದೊಂದು ವಾಸನೆ ಹುಟ್ಟಿತು. ನಾನು ಹುಟ್ಟಿ ಬೆಳೆದದ್ದೇ ಮೀನಿನ ನಡುವೆ, ಒಂದು ದಿನವೂ ಅದಕ್ಕೆ ಮೂಗು ಮುರಿದವಳಲ್ಲ. ಅವತ್ತು ಚಹಾ ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟು ಬಾಯಿ ಮುಚ್ಚಿಕೊಂಡೆ.

"ಎಂತ ಮಾಡ್ತಿದ್ಯೋ ಇದು?" ಎಂದೆ.

"ಗೆಸ್ಟ್ ಬರ್ತರು ಅಕ್ಕ. ಇವತ್ತೊಂದಿನ ಸುಮ್ನಿರು ಮಾರಾಯ್ತಿ. ಇದು ಸರಿ ಆತು ಅಂದ್ರೆ ನಾ ಮತ್ತೆ ಹಡಗಿಗೆ ಹೋಗೂದೇ ಬೇಡ."

ಹರೀಶ ಸರಕು ಹಡಗುಗಳಲ್ಲಿ ಅಡಿಗೆಯವನಾಗಿದ್ದ. ಒಮ್ಮೆ ಅವನ ಹಡಗು ಕೆಟ್ಟು ಲ್ಯಾಟಿನ್ ಅಮೆರಿಕದ ಈಕ್ವೆಡಾರ್ ದೇಶದ ಒಂದು ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತಂತೆ. ಅಲ್ಲಿ ಎಡೆಲ್ಮಿರಾ ಎಂಬ ಮುದುಕಿಯ ಹತ್ತಿರ ಇವನು ಐಸ್‌ಕ್ರೀಮ್ ಮಾಡುವುದನ್ನು ಕಲಿತ. ಫ್ರಿಜ್ಜಿಲ್ಲ, ಯಂತ್ರವಿಲ್ಲ. ಬೈಹುಲ್ಲಿನ ಮೇಲೆ ಐಸು, ಐಸಿನ ಮೇಲೆ ಉಪ್ಪು, ಅದರ ಮೇಲೆ ಅಗಲವಾದ ತಾಮ್ರದ ಬಾಣಲೆ. ಬಾಣಲೆಗೆ ಹಣ್ಣಿನ ರಸ ಹೊಯ್ದು ಕೈಯಲ್ಲಿ ಗರಗರ ತಿರುಗಿಸುತ್ತ ಇದ್ದರೆ ರಸ ಬದಿಗಳಲ್ಲಿ ಹೆಪ್ಪುಗಟ್ಟಿ ಐಸ್‌ಕ್ರೀಮ್ ಆಗುತ್ತದೆ. ನಿಜ ಹೇಳಬೇಕೆಂದರೆ ಅದು ಒಳ್ಳೆಯ ವಿದ್ಯೆ. ಮನೆಯಲ್ಲಿ ಮೊದಲ ಸಲ ಮಾಡಿದಾಗ ನಾನೇ ಬಾಣಲೆಯನ್ನು ಬೆರಳಿನಿಂದ ಬಳಿದು ತಿಂದಿದ್ದೆ.

ಕೆಟ್ಟದ್ದು ಶುರುವಾದದ್ದು ಶಿಶಿರ ಬಂದ ಮೇಲೆ. ಈತ ಹೊನ್ನಾವರದ ಕಡೆಯ ಬೀಚಿನಲ್ಲಿ ಹೊಸದಾಗಿ ರೆಸಾರ್ಟ್ ತೆರೆದವನು. ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವನು, ಮಾತಿನಲ್ಲಿ ನಾನು ಕಲಿಸುವ ಶಾಲೆಯ ಹೆಡ್‌ಮಾಸ್ತರರಿಗಿಂತ ದೊಡ್ಡವನು. ಹರೀಶನ ವಿಡಿಯೋ ನೋಡಿ ಹುಡುಕಿಕೊಂಡು ಬಂದ. ರೆಸಾರ್ಟಿನ ಅತಿಥಿಗಳಿಗೆ ಭಾನುವಾರಕ್ಕೊಂದು ತರಗತಿ, ಅಪ್ಪ ಅಮ್ಮ ಮಕ್ಕಳು ಅಜ್ಜಿ ಎಲ್ಲ ಸೇರಿ ಐಸ್‌ಕ್ರೀಮ್ ಮಾಡುವುದು. ರೆಸಾರ್ಟಿನಲ್ಲಿ ಬೇಡ, ಹಳ್ಳಿ ಮನೆಯ ಅಂಗಳದಲ್ಲೇ ಆಗಬೇಕು, ಬಾವಿ ತೆಂಗಿನಮರ ಎಲ್ಲ ಇರಬೇಕು. ಬೇಲಿಗೆ ಕಟ್ಟಿದ ಬ್ಯಾನರಿನಲ್ಲಿ 'ಲ್ಯಾಟಿನ್ ಸಂಸ್ಕೃತಿಯ ಸಂಭ್ರಮ, ಕುಟುಂಬ ಸಮೇತ ಬನ್ನಿ' ಎಂದು ಬರೆಸಿದ್ದ. ನಮ್ಮೂರಿನವರಿಗೆ ಲ್ಯಾಟಿನ್ ಎಂದರೆ ಹಿಂದೆ ಇಗರ್ಜಿಯಲ್ಲಿ ಪಾದ್ರಿಗಳು ಓದುತ್ತಿದ್ದ ಭಾಷೆ. ಪಕ್ಕದ ಮನೆಯ ಜಟ್ಟಣ್ಣ ಬ್ಯಾನರ್ ನೋಡಿ, "ಹರೀಶ ಮತಾಂತರ ಆದ್ನಾ?" ಎಂದು ನನ್ನನ್ನು ಕೇಳಿದ.

ಬ್ಯಾನರಿನ ನಡುವೆ ಎಡೆಲ್ಮಿರಾ ಮುದುಕಿಯ ದೊಡ್ಡ ಫೋಟೋ ಇತ್ತು. ಬಂದರಿನಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂತು, ತಲೆಗೆ ಹುಲ್ಲಿನ ಟೊಪ್ಪಿ ಇಟ್ಟು, ಬಾಣಲೆ ತಿರುಗಿಸುತ್ತ ನಗುತ್ತಿದ್ದಳು. ಮುಖದ ತುಂಬ ಬಿಸಿಲಿನ ಕಲೆ, ಕೈ ತುಂಬ ಬಿರುಕು. ನಮ್ಮ ಅಮ್ಮನಿಗೂ ಇದೆಲ್ಲ ಇದೆ, ಟೊಪ್ಪಿ ಒಂದಿಲ್ಲ.

ನಮ್ಮ ಅಮ್ಮ ನಾಗಮ್ಮ ಈ ಅಂಗಳದಲ್ಲಿ ಮೀನು ಒಣಗಿಸಿಯೇ ನಮ್ಮಿಬ್ಬರನ್ನು ಸಾಕಿದವಳು. ಮೇ ತಿಂಗಳೆಂದರೆ ಅವಳಿಗೆ ಪುರುಸೊತ್ತಿಲ್ಲ. ಮಳೆ ಹಿಡಿಯುವುದರೊಳಗೆ ಬಂಗಡೆ, ತಾರ್ಲೆ ಎಲ್ಲ ಒಣಗಿ ಚೀಲ ಸೇರಬೇಕು, ಮಳೆಗಾಲದ ಗಂಜಿಗೆ ಊರೆಲ್ಲ ನಂಜಿಕೊಳ್ಳುವುದು ಅದನ್ನೇ. ಅವತ್ತು ಕೂಡ ಕೊಟ್ಟಿಗೆಯ ಡ್ರಮ್ಮಿನಲ್ಲಿ ಉಪ್ಪು ಹಾಕಿಟ್ಟ ಬಂಗಡೆ ಬಿಸಿಲು ಕಾಯುತ್ತಿತ್ತು. ಹರೀಶ ಅಂಗಳದ ಬಲೆಗಳನ್ನೆಲ್ಲ ಸುತ್ತಿ ಒಳಗಿಟ್ಟು, ಮರಳಿನ ಮೇಲೆ ಪ್ಲಾಸ್ಟಿಕ್ಕಿನ ಹಸಿರು ಹುಲ್ಲಿನ ಚಾಪೆ ಹಾಸಿದ್ದ. ಮರಳು ಕಾಣಿಸಿದರೆ ನಾಚಿಕೆಯಂತೆ.

"ಬಂಗಡೆ ಇವತ್ತು ತೆಗೀದಿದ್ರೆ ಹುಳ ಬೀಳ್ತದೆ ಮಗಾ," ಎಂದಳು ಅಮ್ಮ.

"ಸಂಜೆ ತೆಗಿ ಅಮ್ಮ. ಅಲ್ಲೀವರೆಗೆ ಜಟ್ಟಣ್ಣನ ಮನೇಲಿ ಕೂತ್ಕೊ. ನಾ ಕರಿತೆ."

"ಸಂಜೆ ಎಲ್ಲಿ ಬಿಸಿಲು?" ಎಂದವಳು ಮಗನ ಮುಖ ನೋಡಿದಳು. "ಆತು. ನಿನ್ನ ಕೆಲ್ಸ ಮೊದ್ಲು ಆಗ್ಲಿ." ಹೋಗುವ ಮುಂಚೆ ಬಾಣಲೆಯನ್ನು ಒಮ್ಮೆ ತಟ್ಟಿ ನೋಡಿ, "ಉಪ್ಪು ತಂದಿದ್ಯಾ?" ಎಂದು ಕೇಳಿದಳು.

ತಂದಿರಲಿಲ್ಲ. ಟೊಪ್ಪಿ ತಂದಿದ್ದ, ಬಣ್ಣದ ಕಾಗದದ ತೋರಣ ತಂದಿದ್ದ, ಹಾಡು ಹಾಕುವ ಸ್ಪೀಕರ್ ತಂದಿದ್ದ, ಉಪ್ಪು ಮರೆತಿದ್ದ.

"ತಿನ್ನೂಕೆ ಬೇಕಾ?" ಎಂದಳು ಅಮ್ಮ.

"ತಿನ್ನೂಕಲ್ಲ. ಬಾಣಲೆ ಹೊರಗೆ, ಐಸಿಗೆ ಹಾಕೂಕೆ."

"ಹಂಗಾರೆ ನಾ ಇಡ್ತೆ," ಎಂದು ಕೊಟ್ಟಿಗೆಗೆ ಹೋಗಿ, ಒಂದು ಬಕೆಟ್ ತುಂಬ ಹರಳುಪ್ಪು ತಂದು ಬಾಣಲೆಯ ಪಕ್ಕ ಇಟ್ಟು ಹೊರಟಳು. ನಾನು ಬಾವಿಯ ಹತ್ತಿರ ಲೋಟ ತೊಳೆಯುತ್ತಿದ್ದೆ. ಉಪ್ಪು ಯಾವ ಚೀಲದ್ದೆಂದು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ.

ಅಮ್ಮ ಬೇಲಿ ದಾಟಿದ ಮೇಲೆ ಹರೀಶ ನನ್ನ ಹತ್ತಿರ ಬಂದು, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ತಗ್ಗಿದ ದನಿಯಲ್ಲಿ ಹೇಳಿದ. "ಇವತ್ತು ಸರಿಹೋತು ಅಂದ್ರೆ ಶಿಶಿರ ಸರ್ ಪ್ರತಿ ಭಾನುವಾರ ಜನ ಕಳಿಸ್ತರು. ಒಂದೇ ಕಂಡೀಷನ್. ಇಲ್ಲಿ ಮೀನು ಒಣಗಿಸೂದು ಬಂದ್ ಆಗ್ಬೇಕು. ನಾ ಆತು ಅಂದೆ."

"ಅಮ್ಮನ ಹತ್ರ ಕೇಳಿದ್ಯಾ?"

"ಕೇಳೂದೆಂತ? ಸಾಯೂತನಕ ಮೀನಿನ ನೀರಲ್ಲಿ ಕೈ ಅದ್ಕೊಂಡೇ ಇರ್ಬೇಕಾ ಅವ್ಳು? ಕೂತ್ಕೊಂಡು ಉಣ್ಲಿ."

ಕೂತುಕೊಂಡು ಉಣ್ಣಬೇಕೆಂದು ಅವಳು ಯಾವತ್ತು ಕೇಳಿದ್ದಳು? ಅಂಗಳ ಅವಳದ್ದು, ಕೆಲಸ ಅವಳದ್ದು, ಬಿಸಿಲು ದೇವರದ್ದು. ಇವನು ನಡುವೆ ನಿಂತು ಮೂರನ್ನೂ ಶಿಶಿರನಿಗೆ ಬರೆದುಕೊಟ್ಟಿದ್ದ. ನನಗೆ ಮೈಯೆಲ್ಲ ಉರಿಯಿತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕಾರುಗಳು ಬಂದವು.

ಬಂದವರಲ್ಲಿ ಮುಂದೆ ನಿಂತದ್ದು ಕುಮಟಾದ ಒಂದು ಕುಟುಂಬ. ಮಧುಸೂದನ ಎಂಬಾತ ಬ್ಯಾಂಕಿನಲ್ಲಿ ಅಧಿಕಾರಿ. ಹೆಂಡತಿ ಅರ್ಚಿತಾ, ಮಗಳು ಅಮೂಲ್ಯಾ, ಜತೆಗೆ ಸಂತೆಗುಳಿಯ ತೋಟದ ಮನೆಯಿಂದ ಬಂದಿದ್ದ ತಾಯಿ ಲಕ್ಷ್ಮಮ್ಮ. ಇಲ್ಲಿ ಕೊಡುವುದೆಲ್ಲ ಶುದ್ಧ ಸಸ್ಯಾಹಾರವೇ ತಾನೇ ಎಂದು ಮಧುಸೂದನ ಕಾರಿಳಿಯುವ ಮುಂಚೆಯೇ ಕೇಳಿ ಖಾತ್ರಿ ಮಾಡಿಕೊಂಡ. ಹಿಂದಿನ ಕಾರಿನಲ್ಲಿ ಭಟ್ಕಳದ ಜಾಲಿಯಿಂದ ಒಬ್ಬ ಹೆಂಗಸು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಬುರ್ಖಾ ತೊಟ್ಟ, ನಗುಮುಖದ ಹೆಂಗಸು. ಇಳಿದವಳೇ ಗಾಳಿಯನ್ನು ಮೂಸಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಉಳಿದವರು ಬೆಂಗಳೂರು, ಹುಬ್ಬಳ್ಳಿ ಕಡೆಯವರು.

ಶಿಶಿರ ಎಲ್ಲರ ತಲೆಗೂ ಟೊಪ್ಪಿ ಇಟ್ಟ. ಲಕ್ಷ್ಮಮ್ಮ ಮಾತ್ರ ಬೇಡವೆಂದರು. ಸ್ಪೀಕರಿನಿಂದ ಅರ್ಥವಾಗದ ಹಾಡು ಕಿರುಚತೊಡಗಿತು. ಕುಣಿಯಲು ಬಾರದ ಗಂಡಸರು ಸೊಂಟ ಅಲ್ಲಾಡಿಸಿದರು, ಹೆಂಡಿರು ಅದನ್ನು ಮೊಬೈಲಿನಲ್ಲಿ ಹಿಡಿದರು. ಈಕ್ವೆಡಾರಿನ ಜನ ಹೀಗೆ ಕುಣಿಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ಇದನ್ನು ನೋಡಿದರೆ ಪೊಲೀಸರಿಗೆ ದೂರು ಕೊಡುತ್ತಿದ್ದರು.

ಹರೀಶ ಮೊದಲು ಹಿಂದಿನ ದಿನ ರೆಸಾರ್ಟಿನ ಫ್ರಿಜ್ಜಿನಲ್ಲಿ ಮಾಡಿಟ್ಟಿದ್ದ ಮಾದರಿಗಳನ್ನು ಹಂಚಿದ. ಚೀಸ್ ಹಾಕಿದ್ದೊಂದು. ಬೆಣ್ಣೆಹಣ್ಣಿನದೊಂದು, ಅದರ ಮೇಲೆ ಖಾರದಪುಡಿ. ಮುಸುಕಿನ ಜೋಳದ್ದೊಂದು. ಆ ಚೀಸಿನದ್ದು ನನ್ನ ಬಾಯಲ್ಲಿ ಕರಗಲೂ ಇಲ್ಲ, ಗಂಟಲಿಗೆ ಇಳಿಯಲೂ ಇಲ್ಲ, ಸೆರಗಿಗೆ ಉಗುಳಿಕೊಂಡೆ. ಉಳಿದವರ ಮುಖವೂ ನನ್ನ ಮುಖದ ಹಾಗೇ ಇತ್ತು. ಆದರೆ ಬಾಯಿ ಮಾತ್ರ "ವಾವ್, ಎಷ್ಟು ಡಿಫರೆಂಟು" ಎನ್ನುತ್ತಿತ್ತು. ಹೆಸರು ದೊಡ್ಡದಿದ್ದರೆ ನಾಲಿಗೆಯೂ ಸುಳ್ಳು ಹೇಳುತ್ತದೆ ಎಂದು ಅವತ್ತು ಕಣ್ಣಾರೆ ಕಂಡೆ. ಅಮೂಲ್ಯಾ ಒಬ್ಬಳೇ "ಗಬ್ಬು" ಎಂದಳು, ಅವಳ ಅಮ್ಮ ತೊಡೆ ಚಿವುಟಿದಳು.

ಆಮೇಲೆ ಹರೀಶ ಬ್ಯಾನರಿನ ಮುದುಕಿಯ ಕಥೆ ಹೇಳಿದ. "ನಾನು ಅವರನ್ನು ಮಮಾ ಅಂತಲೇ ಕರೀತಿದ್ದೆ. ಮೀನು ಬಂದರಿನಲ್ಲೇ ಅವರ ಮನೆ. ಬೆಳಗಾದರೆ ಮೀನು ಹೆಚ್ಚೋದು, ಮಧ್ಯಾಹ್ನ ಐಸ್‌ಕ್ರೀಮ್. ಅವರ ಕೈ ಹಿಡಿದರೆ ಸಮುದ್ರದ ವಾಸನೆ ಬರ್ತಿತ್ತು. ಆ ಕೈಯಲ್ಲೇ ನನಗೆ ತುತ್ತು ಕೊಟ್ಟಿದ್ದಾರೆ." ಹೇಳುತ್ತ ಬ್ಯಾನರಿನ ಮುದುಕಿಯ ಕೈಯನ್ನು ಬೆರಳಿನಿಂದ ಸವರಿದ. ಸುಳ್ಳಲ್ಲ, ಅವನು ಆ ಮುದುಕಿಯನ್ನು ನಿಜವಾಗಿ ಹಚ್ಚಿಕೊಂಡಿದ್ದ.

"ಸೋ ಸ್ವೀಟ್," ಎಂದಳು ಅರ್ಚಿತಾ.

ಬೇಲಿಯಾಚೆ ಜಟ್ಟಣ್ಣನ ಜಗಲಿಯಲ್ಲಿ ಅಮ್ಮ ಕೂತಿದ್ದಳು. ಸೀರೆಯ ಸೆರಗು ಮೊಣಕಾಲಿನ ಮೇಲೆ, ಎರಡು ಕೈಯೂ ಮಡಿಲಲ್ಲಿ. ಅಲ್ಲಿಯ ಮುದುಕಿಯ ಕೈಯದ್ದು ಸಮುದ್ರದ ವಾಸನೆ, ಇಲ್ಲಿಯ ಮುದುಕಿಯದ್ದು ನಾತ. ತಮ್ಮನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ತುರಿಸಿತು. ಅಷ್ಟು ಜನರ ಎದುರು ಅವನ ಹೊಟ್ಟೆಗೆ ಕಲ್ಲು ಹಾಕುವುದು ಹೇಗೆ ಎಂದು ತಡೆದುಕೊಂಡೆ.

ಐಸು ಒಡೆದು ಹರಡಿ, ಉಪ್ಪು ಸುರಿದು, ಬಾಣಲೆ ಕೂರಿಸಿದರು. ಇಶಾಡ ಮಾವಿನ ರಸ ಹೊಯ್ದರು. ಮಕ್ಕಳು ಸುತ್ತ ಕೂತು ಬಾಣಲೆಯ ಅಂಚು ಹಿಡಿದು ತಿರುಗಿಸತೊಡಗಿದರು. ರಸ ಬದಿಯಲ್ಲಿ ಗಟ್ಟಿಯಾಗುತ್ತಿದ್ದ ಹಾಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು.

ಬಿಸಿಲು ಏರಿತು, ಐಸು ಕರಗಿತು, ಉಪ್ಪುನೀರು ಹೊರಬಂತು. ಅದರ ಜತೆಗೇ ವಾಸನೆ.

ನನ್ನ ಮೂಗಿಗೆ ಅದು ಯಾವುದೆಂದು ಹೇಳಿಕೊಡಬೇಕಾಗಿರಲಿಲ್ಲ. ಒಮ್ಮೆ ಮೀನಿಗೆ ಹಾಕಿದ ಉಪ್ಪನ್ನು ಅಮ್ಮ ಎಸೆಯುವುದಿಲ್ಲ. ಒಣಗಿಸಿ ಬೇರೆ ಚೀಲದಲ್ಲಿ ಕಟ್ಟಿಡುತ್ತಾಳೆ, ತೆಂಗಿನ ಬುಡಕ್ಕೆ ಹಾಕಲು. ತಿನ್ನುವುದಕ್ಕಲ್ಲ, ಬಾಣಲೆಯ ಹೊರಗೆ ಹಾಕುವುದಕ್ಕೆ ಎಂದು ಮಗ ಹೇಳಿದ್ದ. ಹೊರಗೆ ಹಾಕುವುದಕ್ಕೆ ಸಾಣಿಕಟ್ಟೆಯ ಹೊಸ ಉಪ್ಪು ಯಾಕೆ ಹಾಳು ಮಾಡಬೇಕೆಂದು ಅವಳು ಆ ಹಳೆಯ ಚೀಲವನ್ನೇ ಬಿಚ್ಚಿದ್ದಳು. ಕಳೆದ ವಾರದ ತಾರ್ಲೆಯ ಉಪ್ಪು ಅದು. ನೀರಿನ ಮೇಲೆ ಮೀನಿನ ಪೊರೆ ತೇಲುತ್ತ ಹೊಳೆಯುತ್ತಿತ್ತು. ಮಕ್ಕಳು ಜೋರಾಗಿ ತಿರುಗಿಸಿದ ಹಾಗೆಲ್ಲ ಆ ನೀರು ಚಿಮ್ಮಿ ಮಾವಿನ ರಸಕ್ಕೆ ಬೀಳುತ್ತಿತ್ತು. ಹಳದಿಯ ಮೇಲೆ ಕಂದು ಹನಿಗಳು. ನಿಂಬೆ ಸೆಂಟು, ಮಾವಿನಹಣ್ಣು, ಕೊಳೆತ ತಾರ್ಲೆ ಮೂರೂ ಸೇರಿ ಬಂದ ಆ ವಾಸನೆ ಈಗ ನೆನೆದರೂ ನನಗೆ ಊಟ ಸೇರುವುದಿಲ್ಲ.

ಹರೀಶನಿಗೂ ಗೊತ್ತಾಯಿತು. ಅವನ ಮುಖ ಬಿಳಿಚಿದ್ದನ್ನು ನಾನು ನೋಡಿದೆ.

ಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದರು. "ಅರ್ಚಿತಾ, ಎಂತದೋ ವಾಸನೆ ಬತ್ತಾ ಇದ್ದಲೇ. ಕೂಸಿಗೆ ಕೊಡಡ ಅದರ."

ಹುಬ್ಬಳ್ಳಿಯ ಗಂಡಸೊಬ್ಬ ವಾಕ್ ಎಂದು ಎದ್ದು ಬಾವಿಕಟ್ಟೆಯ ಕಡೆ ಓಡಿದ. ಮಧುಸೂದನ ಟೊಪ್ಪಿ ತೆಗೆದು ಕೆಳಗಿಟ್ಟ. "ಏನ್ರೀ ಇದು, ಏನು ಹಾಕಿದೀರಿ ಇದಕ್ಕೆ?" ಶಿಶಿರ ಹಲ್ಲು ಕಚ್ಚಿಕೊಂಡು ಹರೀಶನನ್ನು ನೋಡುತ್ತಿದ್ದ. ಇನ್ನೇನು, ಇವನು ಕ್ಷಮೆ ಕೇಳಿ ಬಾಣಲೆ ಚೆಲ್ಲಿಬಿಡುತ್ತಾನೆ, ಹೊಸ ಉಪ್ಪು ತಂದು ಮತ್ತೆ ಮಾಡುತ್ತಾನೆ ಎಂದು ನಾನು ಕೊಟ್ಟಿಗೆಯ ಕಡೆ ಹೆಜ್ಜೆ ಹಾಕಿಯೂ ಆಗಿತ್ತು.

ಹರೀಶ ನಕ್ಕ.

"ಸರ್, ಅದೇ ಸೀಕ್ರೆಟ್," ಎಂದ. "ಲ್ಯಾಟಿನ್ ಉಪ್ಪು ಅದು. ಆ ಬಂದರಿನಲ್ಲಿ ಕಡಲಪಾಚಿ ಜತೆ ಹುದುಗಿಸಿಟ್ಟು ಮಾಡ್ತಾರೆ. ನಾನು ಬರುವಾಗ ಮಮಾ ಕಟ್ಟಿಕೊಟ್ಟದ್ದು. ಐಸ್‌ಕ್ರೀಮಿಗೆ ಅದು ಹನಿಹನಿಯಾಗಿ ಬೀಳಬೇಕು, ಆಗಲೇ ಒರಿಜಿನಲ್ ಟೇಸ್ಟು. ಪ್ಯೂರ್ ವೆಜ್, ಮೇಡಂ. ಮೊದಲು ವಾಸನೆ ಅನ್ಸುತ್ತೆ, ಆಮೇಲೆ ಬಿಡೋಕೆ ಮನಸ್ಸಾಗಲ್ಲ."

ನಾನು ನಿಂತಲ್ಲೇ ನಿಂತೆ.

ಆಮೇಲೆ ಅರ್ಚಿತಾ ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿದಳು. "ಹೌದು... ಒಂಥರಾ ಸಮುದ್ರದ ಫೀಲ್ ಇದೆ," ಎಂದಳು. ಅಷ್ಟೇ ಸಾಕಾಯಿತು. ಎಲ್ಲರ ಚಮಚವೂ ಬಾಣಲೆಗೆ ಬಿತ್ತು. ನಾತ ಎಂದು ಓಡಿದ್ದ ಹುಬ್ಬಳ್ಳಿಯವನು ಬಾಯಿ ಒರೆಸಿಕೊಂಡು ವಾಪಸು ಬಂದು, ಇಂಥದ್ದನ್ನು ತಾನು ಗೋವಾದ ದೊಡ್ಡ ಹೋಟೆಲಿನಲ್ಲಿ ತಿಂದಿದ್ದೇನೆ ಎಂದ. ಮಧುಸೂದನ ಮತ್ತೆ ಟೊಪ್ಪಿ ಇಟ್ಟುಕೊಂಡ. ಮೀನಿನ ಪೊರೆಯೊಂದು ಅವನ ತುಟಿಗೆ ಅಂಟಿ ಮಿನುಗಿತು. ಅವನು ನಾಲಿಗೆಯಿಂದ ಅದನ್ನು ಒಳಗೆ ಎಳೆದುಕೊಂಡ.

ಜಾಲಿಯ ಹೆಂಗಸು ತನ್ನ ಮಕ್ಕಳ ಕೈಯಿಂದ ಚಮಚ ಕಿತ್ತುಕೊಂಡು ನನ್ನ ಹತ್ತಿರ ಬಂದಳು. "ಅಕ್ಕಾ, ಇದು ನಮ್ಮ ಒಣಮೀನಿನ ಉಪ್ಪಲ್ವಾ? ಪಾಪ ಆ ಅಜ್ಜಿ ವೆಜಿಟೇರಿಯನ್ ಅಲ್ವಾ?" ಎಂದು ಪಿಸುಗುಟ್ಟಿದಳು.

ಆ ಅಜ್ಜಿಯ ಕಡೆ ನೋಡಿದೆ. ಲಕ್ಷ್ಮಮ್ಮನಿಗೆ ಮನಸ್ಸಿರಲಿಲ್ಲ. ಸೊಸೆ ಒತ್ತಾಯ ಮಾಡಿ ಮಾಡಿ ಬಾಯಿಗೆ ಇಟ್ಟಿದ್ದಳು. ಅವರು ನುಂಗಿ, ನಾಲಕ್ಕು ಜನರ ಎದುರು ಸೊಸೆಯ ಮರ್ಯಾದೆ ಕಳೆಯಬಾರದೆಂದು, "ಚೊಲೋ ಇದ್ದು ಬಿಡು," ಎಂದರು. ಜೀವನದಲ್ಲಿ ಮೀನಿನ ಬುಟ್ಟಿ ಎದುರು ಬಂದರೂ ದಾರಿ ಬದಲಿಸಿದವರಿರಬೇಕು. ಅವರ ಬಾಯಿಗೆ ನನ್ನ ತಮ್ಮ ತಾರ್ಲೆಯ ಕೊಳೆನೀರು ಹೊಯ್ದಿದ್ದ, ಅದೂ ನಗುನಗುತ್ತ. ಇವರು ನಮ್ಮನ್ನು ದೂರ ಇಟ್ಟವರು ಎಂಬ ಸಿಟ್ಟು ನನಗೂ ಇದೆ. ಆದರೆ ನಂಬಿ ಬಾಯಿ ತೆರೆದವರಿಗೆ ಹೀಗೆ ಮಾಡುವುದೆಂದರೆ ಅದಕ್ಕಿಂತ ಹೇಸಿಗೆ ಯಾವುದಿದೆ? ಚೀಸ್ ಐಸ್‌ಕ್ರೀಮಿಗೆ ಬಂದ ವಾಕರಿಕೆ ನಾಲಿಗೆಯದ್ದು. ಇದು ಹೊಟ್ಟೆಯ ಆಳದಿಂದ ಬಂತು.

"ಹರೀಶಾ," ಎಂದೆ, "ಇಲ್ಲಿ ಬಾ ಸ್ವಲ್ಪ."

ಬರಲಿಲ್ಲ. ಶಿಶಿರ ಅವನ ಭುಜದ ಮೇಲೆ ಕೈ ಹಾಕಿದ್ದ. "ಈ ಉಪ್ಪನ್ನ ಸಣ್ಣ ಬಾಟಲಿಗೆ ಹಾಕಿ ರೆಸಾರ್ಟಿನಲ್ಲಿ ಮಾರೋಣ ಮಾರಾಯಾ," ಎನ್ನುತ್ತಿದ್ದ. ಅರ್ಚಿತಾಳಿಗೂ ಒಂದು ಪೊಟ್ಟಣ ಬೇಕಂತೆ, ಮನೆಗೆ ಒಯ್ಯಲು. ಹರೀಶ ನನ್ನ ಕಡೆ ತಿರುಗಿ, ಹೊರಗಿನವರ ಹತ್ತಿರ ಆಡುವ ಮಾತಿನಲ್ಲಿ ಹೇಳಿದ. "ಅಕ್ಕಾ, ಆ ಲ್ಯಾಟಿನ್ ಉಪ್ಪು ಸ್ವಲ್ಪ ಕಟ್ಟಿಕೊಡು. ತುಂಬ ಇಷ್ಟ ಆಯ್ತಂತೆ ಇವರಿಗೆ."

ಈ ಮಾತು ಬೇಲಿಯಾಚೆಗೂ ಕೇಳಿಸಿತು.

ಅಮ್ಮನಿಗೆ ಲ್ಯಾಟಿನ್ ಎಂಬ ಮಾತು ತಿಳಿಯಲಿಲ್ಲ. ಉಪ್ಪು ಇಷ್ಟವಾಯಿತು ಎನ್ನುವುದಷ್ಟೇ ತಿಳಿಯಿತು. ಕಾರಿನಲ್ಲಿ ಬಂದವರು ತನ್ನ ಕೈಯದ್ದೊಂದನ್ನು ಹೊಗಳಿದ್ದು ಬಹುಶಃ ಅವಳ ಆಯುಷ್ಯದಲ್ಲಿ ಅದೇ ಮೊದಲು. ಮಗ ಕರೆಯುವ ತನಕ ಬರಬಾರದು ಎಂಬುದನ್ನೂ ಮರೆತು, ಬೇಲಿಯ ಸಂದಿಯಿಂದ ನುಸುಳಿ, ನೇರ ಕೊಟ್ಟಿಗೆಗೆ ಹೋಗಿ, ಆ ಹಳೆಯ ಚೀಲವನ್ನೇ ಸೊಂಟಕ್ಕೆ ಆನಿಸಿಕೊಂಡು ಅಂಗಳಕ್ಕೆ ಬಂದಳು. ಮುಖದ ತುಂಬ ನಗು.

"ನಂದೇ ಉಪ್ಪು ಇದು," ಎಂದಳು ಅರ್ಚಿತಾಳ ಎದುರು ಚೀಲ ಇಳಿಸಿ. "ಬೇಕಾದಷ್ಟು ತಕ್ಕಳಿ ಅಮ್ಮ. ಹೋದ ವಾರ ತಾರ್ಲೆಗೆ ಹಾಕಿದ್ದು, ಎತ್ತಿಟ್ಟಿದ್ದೆ. ತೆಂಗಿನ ಗಿಡಕ್ಕೆ ಹಾಕಿ, ಭಾರೀ ಒಳ್ಳೇದು."

ಚೀಲದ ಬಾಯಿ ತೆರೆದುಕೊಂಡಿತು. ಉಪ್ಪಿನ ನಡುವೆ ತಾರ್ಲೆಯ ಒಂದು ತಲೆ, ಒಣಗಿದ ಕಣ್ಣು ಬಿಟ್ಟುಕೊಂಡು, ಎಲ್ಲರನ್ನೂ ನೋಡುತ್ತಿತ್ತು.

ಮೊದಲು ಅರ್ಥವಾದದ್ದು ಲಕ್ಷ್ಮಮ್ಮನಿಗೆ. ಅವರು ಎದ್ದು ನಾಲ್ಕು ಹೆಜ್ಜೆ ಹೋಗಿ, ತೆಂಗಿನ ಬುಡದಲ್ಲಿ ಬಗ್ಗಿ ಕಾರಿಕೊಂಡರು. ಆಮೇಲೆ ಇಡೀ ಅಂಗಳವೇ ಎದ್ದಿತು. ಯಾರೋ ಉಗುಳಿದರು, ಯಾರೋ ಮಗುವಿನ ಬಾಯಿಗೆ ಬೆರಳು ಹಾಕಿದರು. ಈಗಷ್ಟೇ ಕಣ್ಣು ಮುಚ್ಚಿ ಸಮುದ್ರ ಕಂಡಿದ್ದ ಅರ್ಚಿತಾ ನಾಲಿಗೆಯನ್ನು ದುಪಟ್ಟಾದಿಂದ ಉಜ್ಜಿಕೊಳ್ಳುತ್ತಿದ್ದಳು. ಉಪ್ಪು ಅದೇ, ರುಚಿಯೂ ಅದೇ. ಹಾಡು ಮಾತ್ರ ನಿಲ್ಲಿಸುವವರಿಲ್ಲದೆ ಕಿರುಚುತ್ತಲೇ ಇತ್ತು.

ನಾನು ಬಾವಿಯಿಂದ ಒಂದು ಚೊಂಬು ನೀರು ಸೇದಿ ಲಕ್ಷ್ಮಮ್ಮನ ಹತ್ತಿರ ಒಯ್ದೆ. ಅವರು ಚೊಂಬು ಮುಟ್ಟಲಿಲ್ಲ. ಬೊಗಸೆ ಒಡ್ಡಿದರು, ನಾನು ಮೇಲಿನಿಂದ ಹೊಯ್ದೆ. ಬಾಯಿ ಮುಕ್ಕಳಿಸಿ ಕಣ್ಣೊರೆಸಿಕೊಂಡು ಅಮ್ಮನ ಕಡೆ ಬೆರಳು ತೋರಿಸಿ ಹರೀಶನನ್ನು ಕೇಳಿದರು. "ಯಾರು ಅದು? ನಿಮ್ಮ ಮನೆಯವಳೇ?"

ಅಮ್ಮ ಇನ್ನೂ ಅದೇ ಜಾಗದಲ್ಲಿ ನಿಂತಿದ್ದಳು. ಏನು ತಪ್ಪಾಯಿತೆಂದು ತಿಳಿಯದೆ, ಒಂದು ಕೈ ಚೀಲದ ಮೇಲೆ ಇಟ್ಟು, ಮಗನ ಮುಖವನ್ನೇ ನೋಡುತ್ತಿದ್ದಳು. ಶಿಶಿರನೂ ನೋಡುತ್ತಿದ್ದ.

"ಅಲ್ಲ," ಎಂದ ಹರೀಶ. "ಅವಳು ಇಲ್ಲಿ ಮೀನು ಒಣಗಿಸುವವಳು. ಹೇಳದೆ ಕೇಳದೆ ಬಂದು ಇಟ್ಟು ಹೋಗಿದಾಳೆ."

ನನ್ನ ಕೈಯಿಂದ ಚೊಂಬು ಬಿತ್ತು. ನಾನು ಏನೋ ಕೂಗಿದೆ. ಥೂ ಎಂದೆನೋ, ಅವಳು ನಿನ್ನ ಹೆತ್ತವಳೋ ಎಂದೆನೋ, ಎರಡೂ ಹೇಳಿದೆನೋ. ಈ ಅಂಗಳದಲ್ಲಿ ಅವತ್ತು ಬಂದ ನಾತಗಳಲ್ಲೆಲ್ಲ ಆ ಮಾತಿನದ್ದೇ ತಡೆಯಲಾರದ್ದು. ಆದರೆ ನನ್ನ ಕೂಗು ಮುಗಿಯುವ ಮೊದಲೇ ಅಮ್ಮ ಮಾತಾಡಿದಳು. ದನಿ ಏರಿರಲಿಲ್ಲ.

"ಹೌದು," ಎಂದಳು ಲಕ್ಷ್ಮಮ್ಮನಿಗೆ. "ನಾ ಇಲ್ಲಿ ಮೀನು ಒಣಗಿಸೋಳು. ನಿಮಗೆ ತೊಂದ್ರೆ ಆತು, ನಾ ಕಾಲಿಗೆ ಬೀಳ್ತೆ. ಗೊತ್ತಿದ್ರೆ ಕೊಡ್ತಿರ್ಲಿಲ್ಲ." ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನೆಟ್ಟಗೆ ನಿಂತು ಉಳಿದವರ ಕಡೆ ತಿರುಗಿದಳು. "ಈಗ ಎಲ್ಲಾ ಏಳಿ. ಕುರ್ಚಿ ತೆಗೀರಿ. ಬಿಸಿಲು ಹೋಗ್ತದೆ, ನಂಗೆ ಮೀನು ಹಾಸ್ಬೇಕು."

ಯಾರೂ ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಕಾರಿನ ಬಾಗಿಲುಗಳು ಬಡಿದುಕೊಂಡವು. ಮಧುಸೂದನ ಕೇಸು ಹಾಕುತ್ತೇನೆ ಎಂದು ಶಿಶಿರನಿಗೆ ಹೇಳುತ್ತಿದ್ದ, ಶಿಶಿರ ತನಗೂ ಈ ಮನೆಗೂ ಸಂಬಂಧವೇ ಇಲ್ಲವೆಂದು ಹೇಳುತ್ತಿದ್ದ. ಅವನೇ ಬ್ಯಾನರನ್ನೂ ಕಿತ್ತು ಸುತ್ತಿಕೊಂಡು ಹೋದ. ಲಕ್ಷ್ಮಮ್ಮ ಕಾರು ಹತ್ತುವ ಮುಂಚೆ ಒಮ್ಮೆ ನಿಂತು ಅಮ್ಮನನ್ನು ನೋಡಿದರು.

ಜಾಲಿಯ ಹೆಂಗಸು ಮಾತ್ರ ಹೋಗಲಿಲ್ಲ. ತನ್ನ ಮಕ್ಕಳ ಟೊಪ್ಪಿ ಬಿಚ್ಚಿಸಿ ಕುರ್ಚಿಯ ಮೇಲಿಟ್ಟು, "ಅಮ್ಮಾ, ಒಣಗಿದ ಬಂಗಡೆ ಇದ್ರೆ ಕೊಡ್ತೀರಾ? ಮಳೆಗಾಲಕ್ಕೆ ಬೇಕಿತ್ತು," ಎಂದಳು. ಜಗಲಿಯಲ್ಲಿದ್ದ ಬುಟ್ಟಿ ತೋರಿಸಿದೆ. ಅವಳು ಅಲ್ಲೇ ಕೂತು ಒಂದೊಂದನ್ನೇ ಮುರಿದು ನೋಡಿ ಆರಿಸತೊಡಗಿದಳು.

ಅಮ್ಮ ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ನಾನು ಹಿಡಿದೆ. ಬಾಣಲೆ, ಐಸು, ಕರಗಿದ ಮಾವು ಎಲ್ಲ ಸೇರಿಸಿ ಎಳೆದು ಬೇಲಿಯ ಬುಡಕ್ಕೆ ಹಾಕಿದೆವು. ಕೆಳಗಿನ ಮರಳು ಬೆಚ್ಚಗಿತ್ತು. ಬಲೆ ಹಾಸಿದೆವು. ಡ್ರಮ್ಮಿನ ಮುಚ್ಚಳ ತೆಗೆದಾಗ ಬಂದ ವಾಸನೆ ಹುಳಿಯಾಗಿ, ದಟ್ಟವಾಗಿ, ಯಾವ ಸುಳ್ಳೂ ಸೇರದೆ ಬಂತು. ಅವತ್ತು ಬೆಳಗಿನಿಂದ ಮೊದಲ ಸಲ ನಾನು ಮೂಗು ಅರಳಿಸಿ ಉಸಿರಾಡಿದೆ.

ಅಮ್ಮ ಕುಕ್ಕರುಗಾಲಿನಲ್ಲಿ ಕೂತು ಸೀಳಿದ ಬಂಗಡೆಗಳನ್ನು ಒಂದರ ಪಕ್ಕ ಒಂದು ಇಡುತ್ತ ಹೋದಳು. ಸಾಲು ಸಾಲಾಗಿ ಹಿಂದಕ್ಕೆ ಸರಿಯುತ್ತ, ಅಂಗಳದ ನಡುವಿನವರೆಗೆ ಬಂದಳು. ಹರೀಶ ಅಲ್ಲೇ ನಿಂತಿದ್ದ, ತಲೆಯ ಮೇಲೆ ಇನ್ನೂ ಆ ಟೊಪ್ಪಿ ಇಟ್ಟುಕೊಂಡು.

"ಅಮ್ಮ," ಎಂದ.

ಅವಳು ತಲೆ ಎತ್ತಲಿಲ್ಲ. ಮತ್ತೊಂದು ಮೀನು ಇಟ್ಟಳು.

"ಅಮ್ಮ, ನಾ ಎಂತಕ್ಕೆ ಹಂಗೆ ಹೇಳ್ದೆ ಅಂದ್ರೆ..."

"ಬದಿಗೆ ನಿಲ್ಲು ಮಾರಾಯಾ," ಎಂದಳು ಅಮ್ಮ, ದಾರಿಯಲ್ಲಿ ಅಡ್ಡ ಸಿಕ್ಕ ಯಾರಿಗೋ ಹೇಳುವ ಹಾಗೆ. "ಮೀನಿನ ಮೇಲೆ ನೆರಳು ಬೀಳ್ತದೆ."

ಅವನು ಬದಿಗೆ ನಿಂತ.